ತಲೆ ಎಣಿಸುವ ಮೊದಲು ಒಂದು ಮಾತು: ದಕ್ಷಿಣ ಕೆನಡಾದ ಕನ್ನಡಿಗರಿಗೆ ಮೆಕೆಂಜಿ ದಂಡೆಯಿಂದ ಬಹಿರಂಗ ಪತ್ರ

ಟೊರಾಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್, ಕ್ಯಾಲ್ಗರಿ ಕಡೆಯ ಕನ್ನಡಿಗರೆಲ್ಲರಿಗೂ ನಮಸ್ಕಾರ.

ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಅಂತ ಮಿಸ್ಸಿಸಾಗಾಕ್ಕೆ ಬಂದಿದ್ದೆ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತಿದ್ದಾಗ ಹಿರಿಯರೊಬ್ಬರು ಬಂದು ಎಲ್ಲಿರೋದಪ್ಪಾ ಅಂತ ಕೇಳಿದರು. ಫೋರ್ಟ್ ಸಿಂಪ್ಸನ್ ಅಂದೆ. ಗೊತ್ತಾಗಲಿಲ್ಲ. ನಾರ್ತ್‌ವೆಸ್ಟ್ ಟೆರಿಟರೀಸ್ ಅಂದೆ. "ಓ, ಆ ಕಡೇನಾ!" ಅಂದರು. ಮಾತು ಚಳಿಯಿಂದ ಶುರುವಾಗಿ ತೆರಿಗೆಗೆ ಬಂತು. "ಅಲ್ಲಪ್ಪಾ, ಅಲ್ಲಿರೋ ನಾಲ್ಕು ಮತ್ತೊಂದು ಜನಕ್ಕೆ ರಸ್ತೆ, ಫೆರ್ರಿ, ಡೀಸೆಲ್ಲು ಅಂತ ಇಷ್ಟೊಂದು ದುಡ್ಡು ಯಾಕೆ ಸುರೀಬೇಕು? ಎಲ್ಲರನ್ನೂ ಎಡ್ಮಂಟನ್‌ಗೆ ಕರೆಸಿ ಒಂದೊಂದು ಮನೆ ಕೊಟ್ಟುಬಿಟ್ಟರೆ ಅದೇ ಅಗ್ಗ." ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಬಾಯಲ್ಲಿ ಅನ್ನ ಇತ್ತು, ಜೊತೆಗೆ ಹಬ್ಬದ ದಿನ ಜಗಳ ಯಾಕೆ ಅಂತ ಸುಮ್ನಾದೆ. ವಾಪಸ್ ಬರುವಾಗ ವಿಮಾನದಲ್ಲಿ ಕೂತ ಮೇಲೆ ಆ ನಗು ಚುಚ್ಚತೊಡಗಿತು. ಅವತ್ತು ಆಡದೆ ಬಿಟ್ಟ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದನ್ನು ನಮ್ಮ ಪ್ರಾಂತ್ಯದ ಸರ್ಕಾರಕ್ಕೆ ಬರೆಯದೆ ನಿಮಗೆ ಯಾಕೆ ಬರೆಯುತ್ತಿದ್ದೀನಿ ಅಂದರೆ, ಕಾರಣ ಸರಳ. ಒಟ್ಟಾವಾದ ಸಂಸತ್ತಿನಲ್ಲಿ 343 ಸೀಟು. ಅದರಲ್ಲಿ ಒಂಟಾರಿಯೊಗೆ 122. ನಮಗೆ ಒಂದು. ಕರ್ನಾಟಕದಂಥ ಏಳು ರಾಜ್ಯ ಹಿಡಿಸುವಷ್ಟು ನೆಲಕ್ಕೆ, 33 ಊರುಗಳಿಗೆ ಒಬ್ಬರೇ ಒಬ್ಬ ಸಂಸದರು. ದೊಡ್ಡ ದುಡ್ಡು ಬರುವುದು ಒಟ್ಟಾವಾದಿಂದ, ಒಟ್ಟಾವಾ ಕಿವಿ ಕೊಡುವುದು ನಿಮ್ಮ ಮಾತಿಗೆ. ನಿಮ್ಮ ಬ್ರಾಂಪ್ಟನ್ನಿನಲ್ಲಿ ಓಟು ಕೇಳೋಕೆ ಬರುವವರಿಗೆ ನೀವು ಒಂದು ಪ್ರಶ್ನೆ ಕೇಳಿದರೆ ಅದರ ತೂಕವೇ ಬೇರೆ.

ನಿಜ, ಇಲ್ಲಿ ಜನ ಕಮ್ಮಿ. ಇಡೀ ಪ್ರಾಂತ್ಯ ಸೇರಿಸಿದರೂ ಸುಮಾರು 45 ಸಾವಿರ. ನಮ್ಮ ಸಾಗರ ಪೇಟೆಯಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಫೋರ್ಟ್ ಸಿಂಪ್ಸನ್ನಿನಲ್ಲಿ ಸಾವಿರ ಚಿಲ್ಲರೆ. ಲಿಯಾರ್ಡ್ ನದಿ ಮೆಕೆಂಜಿಯನ್ನು ಸೇರುವ ಜಾಗದಲ್ಲಿ ಒಂದು ದ್ವೀಪದ ಮೇಲೆ ನಮ್ಮ ಊರು. ಇಲ್ಲಿಯ ಮೂಲನಿವಾಸಿ ದೆನೆ ಜನ ತಮ್ಮ ಭಾಷೆಯಲ್ಲಿ ಈ ಊರಿಗೆ ಇಟ್ಟ ಹೆಸರಿನ ಅರ್ಥವೂ ಅದೇ, ನದಿಗಳು ಕೂಡುವ ಜಾಗ. ಮೆಕೆಂಜಿಗೆ ಅವರು ದೆಹ್ ಚೋ ಅಂತಾರೆ, ದೊಡ್ಡ ಹೊಳೆ ಅಂತ. ನನಗೂ ಅದು ಹೊಳೆಯೇ. ಈ ಅಗಲದ ನೀರಿಗೆ ನಮ್ಮ ಕಡೆ ಬೇರೆ ಹೆಸರಿಲ್ಲ.

ದಕ್ಷಿಣದಿಂದ ಬರುವ ಒಂದನೇ ನಂಬರ್ ಹೆದ್ದಾರಿ ಊರಿಗೆ ಸ್ವಲ್ಪ ಮೊದಲು ಲಿಯಾರ್ಡ್ ದಡದಲ್ಲಿ ನಿಂತುಬಿಡುತ್ತದೆ. ಸೇತುವೆ ಇಲ್ಲ. ಬೇಸಿಗೆಯಲ್ಲಿ ಲಾಫರ್ಟಿ ಅನ್ನೋ ಫೆರ್ರಿ. ದುಡ್ಡು ಕೊಡಬೇಕಿಲ್ಲ, ಕಾರು ಹತ್ತಿಸಿ ದಾಟುವುದು. ಚಳಿಗಾಲದಲ್ಲಿ ಹೊಳೆಯ ಮೇಲೇ ಮಂಜುಗಡ್ಡೆಯ ದಾರಿ. ಇವೆರಡರ ನಡುವೆ ಒಂದಷ್ಟು ವಾರ ಎರಡೂ ಇರುವುದಿಲ್ಲ. ಅದೇ ನಮ್ಮ ಸಂಕಟದ ಕಾಲ.

ಅದು ಹೇಗಿರುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಕ್ಟೋಬರ್ ಕೊನೆಗೆ ಹೊಳೆಯಲ್ಲಿ ಮಂಜುಗಡ್ಡೆಯ ತಟ್ಟೆಗಳು ತೇಲಿ ಬರೋಕೆ ಶುರು. ಮೊದಲು ದೋಸೆಯಷ್ಟು ತೆಳ್ಳಗೆ, ಆಮೇಲೆ ಚಪ್ಪಡಿ ಕಲ್ಲಿನಷ್ಟು ದಪ್ಪ. ಫೆರ್ರಿಯ ಹೊಟ್ಟೆಗೆ ಅವು ಉಜ್ಜುವ ಸದ್ದು ದಡದಲ್ಲಿ ನಿಂತವರಿಗೂ ಕೇಳಿಸುತ್ತದೆ. ಫೆರ್ರಿಯವರು ಆಗುವಷ್ಟು ದಿನ ಓಡಿಸುತ್ತಾರೆ. ಒಂದು ದಿನ ಬೋರ್ಡು ಬೀಳುತ್ತದೆ, ಬಂದ್. ಆಮೇಲೆ ಹೊಳೆ ಕಟ್ಟಿಕೊಳ್ಳುವ ತನಕ ಕಾಯುವುದು. ಕಟ್ಟಿದ ಮೇಲೂ ಸುಮ್ನೆ ಕಾರು ಇಳಿಸೋಕೆ ಆಗಲ್ಲ. ಜನ ನಡೆದುಕೊಂಡು ಹೋಗಿ ಕೊರೆಯುವ ಯಂತ್ರದಿಂದ ತೂತು ಹೊಡೆದು ದಪ್ಪ ಅಳೆಯುತ್ತಾರೆ. ಮೇಲೆ ಬಿದ್ದ ಹಿಮವನ್ನು ಗುಡಿಸುತ್ತಾರೆ, ಯಾಕೆಂದರೆ ಹಿಮ ಕಂಬಳಿ ಇದ್ದ ಹಾಗೆ, ಅದು ಹೊದ್ದುಕೊಂಡಿದ್ದರೆ ಕೆಳಗಿನ ಗಡ್ಡೆ ಬಲಿಯುವುದಿಲ್ಲ. ಕೆಳಗಿನ ನೀರನ್ನೇ ಪಂಪ್ ಮಾಡಿ ಮೇಲೆ ಹರಿಸಿ ಪದರದ ಮೇಲೆ ಪದರ ಕಟ್ಟುತ್ತಾರೆ. ಮೊದಲು ಹಗುರ ಗಾಡಿ, ವಾರಗಳಾದ ಮೇಲೆ ಲಾರಿ. ಮೇ ತಿಂಗಳಲ್ಲಿ ಇದೇ ಕಥೆ ಉಲ್ಟಾ. ಗಡ್ಡೆ ಒಡೆದು ಹೊಳೆ ಗುಡುಗುತ್ತಾ ಹೋಗುತ್ತದೆ, ಹಿಂದೆಯೇ ಲಿಯಾರ್ಡ್ ಹೊತ್ತು ತರುವ ಮರದ ದಿಮ್ಮಿಗಳು, ಅವು ಕಮ್ಮಿಯಾಗುವ ತನಕ ಫೆರ್ರಿ ಇಳಿಸುವ ಹಾಗಿಲ್ಲ. 2021ರ ಮೇಯಲ್ಲಿ ಗಡ್ಡೆ ಒತ್ತರಿಸಿ ನೀರು ಊರಿಗೇ ನುಗ್ಗಿತು.

ಮೊದಲ ವರ್ಷ ಇದೆಲ್ಲ ನೋಡಿದಾಗ ಬೇರೆಯವರಿಗೆ ಆಶ್ಚರ್ಯ ಆಗುತ್ತಿತ್ತು, ನನಗೆ ಆಗಲಿಲ್ಲ. ನಾನು ತುಮರಿ ಕಡೆಯವನು. ಶರಾವತಿ ಹಿನ್ನೀರಿನ ಆಚೆ. ಹೊಳೆಬಾಗಿಲಿನಲ್ಲಿ ಲಾಂಚ್ ಕಾದು ಬೆಳೆದವನು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಸಾಗರದಲ್ಲಿ ನೆಂಟರ ಮನೆ ಹುಡುಕಬೇಕು, ಇಲ್ಲ ಕಾಡು ಸುತ್ತಿ ಬರಬೇಕು. ಹೆರಿಗೆ ನೋವು, ಹಾವು ಕಚ್ಚಿದ್ದು, ಯಾವುದಕ್ಕೂ ಹೊಳೆ ದಾಟಲೇಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದು ನಿಲ್ಲಿಸುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಅರವತ್ತು ವರ್ಷ! ನಮ್ಮ ಹೊಳೆಯ ಕರೆಂಟು ಬೆಂಗಳೂರು ತಲುಪೋಕೆ ಇಷ್ಟು ಕಾಲ ಹಿಡಿಯಲಿಲ್ಲ ಅನ್ನೋದನ್ನು ಬಿಡಿ, ಅದನ್ನು ಹೇಳಿ ಹೇಳಿ ನಮ್ಮ ಹಿರಿಯರ ಬಾಯಿ ಒಣಗಿದೆ.

ಆ ಅರವತ್ತು ವರ್ಷವೂ ಸರ್ಕಾರದವರು ಹೇಳುತ್ತಿದ್ದ ಮಾತು ಏನು ಗೊತ್ತಾ? ಅಷ್ಟು ಜನಕ್ಕೆ ಅಷ್ಟು ದುಡ್ಡಾ?

ಅದಕ್ಕೇ ಮಿಸ್ಸಿಸಾಗಾದಲ್ಲಿ ಆ ಮಾತು ಕನ್ನಡದಲ್ಲೇ ಕೇಳಿದಾಗ ನನಗೆ ಹಾಗಾಯಿತು.

ಈಗ ಎಣ್ಣೆ ವಿಷಯಕ್ಕೆ ಬರುತ್ತೇನೆ. ಇದು ನೀವು ಕೇಳಲೇಬೇಕಾದ ಕಥೆ. ಒಂದನೇ ಹೆದ್ದಾರಿ ನಮ್ಮ ಊರಿಂದ ಇನ್ನೂ ಉತ್ತರಕ್ಕೆ ಹೋಗುತ್ತದೆ, ನಡುವೆ ಇನ್ನೊಂದು ಫೆರ್ರಿ ದಾಟಿ ರಿಗ್ಲಿ ಅನ್ನೋ ಪುಟ್ಟ ಊರಿನಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆ ಟುಲಿಟಾ, ನಾರ್ಮನ್ ವೆಲ್ಸ್, ಫೋರ್ಟ್ ಗುಡ್ ಹೋಪ್. ಈ ಊರುಗಳಿಗೆ ವರ್ಷವಿಡೀ ಓಡಾಡುವ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಎರಡು ಮೂರು ತಿಂಗಳು ಹಿಮದ ರಸ್ತೆ. ಬೇಸಿಗೆಯಲ್ಲಿ ಹೊಳೆಯ ಮೇಲೆ ಬಾರ್ಜ್, ಅಂದರೆ ಚಪ್ಪಟೆ ತಳದ ಸರಕು ದೋಣಿ. ಹೇ ರಿವರ್ ಬಂದರಿನಲ್ಲಿ ಡೀಸೆಲ್, ಪೆಟ್ರೋಲ್, ಸಿಮೆಂಟು, ಗಾಡಿ ಎಲ್ಲ ತುಂಬಿಕೊಂಡು, ಹಿಂದಿನಿಂದ ಒಂದು ಟಗ್ ತಳ್ಳಿಕೊಂಡು, ಗ್ರೇಟ್ ಸ್ಲೇವ್ ಸರೋವರ ದಾಟಿ ಕೆಳಗಿಳಿಯುತ್ತದೆ. ಊರ ಟ್ಯಾಂಕು ಇದರಿಂದ ತುಂಬಬೇಕು. ಮನೆ ಬೆಚ್ಚಗಿರುವುದು, ದೀಪ ಉರಿಯುವುದು, ಆಂಬುಲೆನ್ಸ್ ಓಡುವುದು ಎಲ್ಲ ಆ ಟ್ಯಾಂಕಿನ ಮೇಲೆ. ಹಳೆಯ ಬಾರ್ಜ್ ಕಂಪನಿ ದಿವಾಳಿಯಾದಾಗ 2016ರ ಕೊನೆಗೆ ಪ್ರಾಂತ್ಯದ ಸರ್ಕಾರವೇ 75 ಲಕ್ಷ ಡಾಲರ್ ಕೊಟ್ಟು ಅದರ ಆಸ್ತಿ ಕೊಂಡಿತು. ಬೇರೆ ಯಾರೂ ಮುಂದೆ ಬರುತ್ತಿರಲಿಲ್ಲ.

2024ರಲ್ಲಿ ಹೊಳೆಯಲ್ಲಿ ನೀರೇ ಇಲ್ಲ. ಗ್ರೇಟ್ ಸ್ಲೇವ್ ಸರೋವರದ ನೀರು ದಾಖಲೆ ಮಟ್ಟಕ್ಕೆ ಇಳಿದಿತ್ತು. ಮೇಲಿನ ಕಡೆ ಮಳೆ ಹಿಮ ಎರಡೂ ಕಮ್ಮಿ ಬಿದ್ದಿದ್ದವು. ಫೋರ್ಟ್ ಗುಡ್ ಹೋಪ್ ಹತ್ತಿರ ರಾಂಪಾರ್ಟ್ಸ್ ಅನ್ನೋ ಜಾಗದಲ್ಲಿ ಹೊಳೆ ಇಕ್ಕಟ್ಟಾಗಿ ಹರಿಯುತ್ತದೆ. ಅಲ್ಲೂ, ಅಂಥ ಇನ್ನೂ ಕೆಲವು ಕಡೆಯೂ ತುಂಬಿದ ಬಾರ್ಜಿಗೆ ದಾರಿ ಸಿಗಲಿಲ್ಲ. ಈ ಮೂರೂ ಊರುಗಳಿಗೆ ಆ ವರ್ಷದ ಬಾರ್ಜ್ ರದ್ದಾಯಿತು. ವಿಮಾನದಲ್ಲಿ ಎಣ್ಣೆ ತಂದರು. ಎಣ್ಣೆ ತರೋಕೆ ಎಣ್ಣೆ ಸುಡುವುದು! ನಾರ್ಮನ್ ವೆಲ್ಸ್‌ನಲ್ಲಿ ಮನೆ ಬೆಚ್ಚಗಿಡುವ ಎಣ್ಣೆಯ ಬೆಲೆ ಲೀಟರಿಗೆ ಐದು ಡಾಲರ್ ದಾಟಿತು. ನಮ್ಮ ರೂಪಾಯಿ ಲೆಕ್ಕದಲ್ಲಿ ಮುನ್ನೂರು. ಊರಿನ ಆಡಳಿತ ತುರ್ತುಸ್ಥಿತಿ ಘೋಷಿಸಿತು. ಅಲ್ಲಿರುವ ನನ್ನ ಸ್ನೇಹಿತೆಯೊಬ್ಬಳು ಆ ಚಳಿಗಾಲ ಎರಡು ಕೋಣೆಗೆ ಬಾಗಿಲು ಹಾಕಿ, ಬಾಗಿಲ ಸಂದಿಗೆ ಹಳೇ ಕಂಬಳಿ ತುರುಕಿ, ಮಕ್ಕಳ ಜೊತೆ ಅಡುಗೆಮನೆ ಪಕ್ಕದಲ್ಲೇ ಮಲಗುತ್ತಿದ್ದಳು. ಹೊರಗೆ ಮೈನಸ್ 40. ಬರ್ನರ್ ಕೆಲವು ಗಂಟೆ ನಿಂತರೂ ನಲ್ಲಿ ಪೈಪು ಒಡೆಯುತ್ತದೆ. ಹಾಗಾಗಿ ಪೂರ್ತಿ ಆರಿಸುವಂತೆಯೂ ಇಲ್ಲ, ಪೂರ್ತಿ ಉರಿಸುವಂತೆಯೂ ಇಲ್ಲ.

ಇಷ್ಟಾಗಿ ನಾರ್ಮನ್ ವೆಲ್ಸ್ ಎಂಥ ಊರು? ಎಣ್ಣೆ ಬಾವಿಯ ಊರು! ಹೆಸರಲ್ಲೇ ಬಾವಿ ಇದೆ. 1920ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಮರುವರ್ಷವೇ, 1921ರಲ್ಲಿ, ಒಟ್ಟಾವಾದವರು ಬಂದು ದೆನೆ ಜನರ ಜೊತೆ ನೆಲದ ವಿಷಯದ ಹನ್ನೊಂದನೇ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಅಲ್ಲಿಯ ತನಕ ಆ ನೆಲದ ಮೇಲೆ ಒಟ್ಟಾವಾಕ್ಕೆ ಅಂಥ ಅವಸರ ಇರಲಿಲ್ಲ. 1985ರಲ್ಲಿ 869 ಕಿಲೋಮೀಟರ್ ಪೈಪ್‌ಲೈನ್ ಹಾಕಿ ಎಣ್ಣೆಯನ್ನು ಆಲ್ಬರ್ಟಾಕ್ಕೆ ಹರಿಸಿದರು. ಊರಲ್ಲೇ ಇದ್ದ ಸಣ್ಣ ರಿಫೈನರಿ 1996ರಲ್ಲಿ ಮುಚ್ಚಿತು. ಅಲ್ಲಿಂದೀಚೆಗೆ ಕಾಲ ಕೆಳಗಿನ ಎಣ್ಣೆ ದಕ್ಷಿಣಕ್ಕೆ, ಒಲೆಗೆ ಬೇಕಾದ ಎಣ್ಣೆ ದಕ್ಷಿಣದಿಂದ. ಎಣ್ಣೆ ಹೊರಗೆ ಹೋಗೋಕೆ 869 ಕಿಲೋಮೀಟರ್ ಪೈಪ್ ಹಾಕಬಹುದು, ಜನ ಹೊರಗೆ ಬರೋಕೆ ರಿಗ್ಲಿಯಿಂದ ನಾರ್ಮನ್ ವೆಲ್ಸ್ ತನಕ ಸುಮಾರು 321 ಕಿಲೋಮೀಟರ್ ರಸ್ತೆ ಮಾತ್ರ ದುಬಾರಿ. ಆ ರಸ್ತೆಯ ಮಾತು ನಾನು ಹುಟ್ಟುವ ಮೊದಲಿಂದ ಇದೆ. ಈ ತನಕ ಆಗಿರುವುದು ಅಲ್ಲೊಂದು ತುಣುಕು ಇಲ್ಲೊಂದು ತುಣುಕು. ಶರಾವತಿಯವನಿಗೆ ಇದನ್ನು ಬಿಡಿಸಿ ಹೇಳಬೇಕಾ?

ಉತ್ತರಕ್ಕೆ ಬರುವ ದುಡ್ಡನ್ನು ಯಾರೂ ದಾನ ಅಂತ ಕೊಡುತ್ತಿಲ್ಲ ಸ್ವಾಮಿ. ತೆಗೆದುಕೊಂಡದ್ದರಲ್ಲಿ ಒಂದಿಷ್ಟು ವಾಪಸ್ ಬರುತ್ತಿದೆ, ಅದೂ ಚೌಕಾಸಿ ಮಾಡಿ.

ಹಿರಿಯರು ಹೇಳಿದ ಅಗ್ಗದ ಲೆಕ್ಕಕ್ಕೆ ಬರೋಣ. ರಸ್ತೆ, ಫೆರ್ರಿ, ಬಾರ್ಜ್, ಟ್ಯಾಂಕು ಇವೆಲ್ಲ ಒಂದೇ ಸರಪಳಿ. ಒಂದು ಕೊಂಡಿ ಕಳಚಿದರೆ ಖರ್ಚು ಉಳಿಯುವುದಿಲ್ಲ, ವಿಮಾನ ಹತ್ತುತ್ತದೆ. 2018ರಲ್ಲಿ ಆರ್ಕ್ಟಿಕ್ ಸಮುದ್ರದ ದಡದ ಪಾಲಾಟಕ್, ಕುಗ್ಲುಕ್ಟುಕ್, ಕೇಂಬ್ರಿಜ್ ಬೇ ಊರುಗಳಿಗೆ ಬಾರ್ಜ್ ಹೋಗಲಿಲ್ಲ. ತಡವಾಗಿ ಹೊರಟಿತ್ತು, ಸಮುದ್ರದಲ್ಲಿ ಗಡ್ಡೆ ಅಡ್ಡ ಬಂತು. ಸಾಮಾನು ವಿಮಾನದಲ್ಲಿ ಹೋಯಿತು. 2006ರಲ್ಲಿ ಚಳಿ ಸರಿಯಾಗಿ ಬೀಳದೆ ವಜ್ರದ ಗಣಿಗಳಿಗೆ ಹೋಗುವ ಮಂಜಿನ ರಸ್ತೆ ಬೇಗ ಮುಚ್ಚಿತು. ಗಣಿಯವರಿಗೆ ದುಡ್ಡಿತ್ತು, ಉಳಿದ ಸರಕನ್ನು ವಿಮಾನದಲ್ಲಿ ಸಾಗಿಸಿಕೊಂಡರು. ಊರವರಿಗಾದರೆ ಆ ದುಡ್ಡನ್ನು ಸರ್ಕಾರ ಕೊಡಬೇಕು, ಅಂದರೆ ನೀವು. ಹೇ ರಿವರ್ ಬಂದರಿನ ಹೂಳು ಎತ್ತುವುದನ್ನು ಒಟ್ಟಾವಾ 1990ರ ದಶಕದಲ್ಲಿ ನಿಲ್ಲಿಸಿತು. ಆ ವರ್ಷದ ಬಜೆಟ್‌ನಲ್ಲಿ ಅದು ಉಳಿತಾಯ ಅಂತಲೇ ಕಂಡಿರಬೇಕು. ಹೂಳು ಯಾವ ಬಜೆಟ್ಟಿಗೂ ಕಾಯಲ್ಲ, ಕೂರುತ್ತಲೇ ಹೋಗುತ್ತದೆ.

ಸೇತುವೆ ಕಟ್ಟಿದ ಕಡೆ ಏನಾಯಿತು ಅಂತಲೂ ನೋಡಿ. ನಮ್ಮ ರಾಜಧಾನಿ ಯೆಲ್ಲೋನೈಫ್‌ಗೆ ಹೋಗುವ ದಾರಿಯಲ್ಲಿ ಫೋರ್ಟ್ ಪ್ರಾವಿಡೆನ್ಸ್ ಹತ್ತಿರ 2012ರ ನವೆಂಬರ್ ತನಕ ಫೆರ್ರಿ, ಚಳಿಗಾಲದಲ್ಲಿ ಮಂಜುಗಡ್ಡೆಯ ದಾರಿ, ಇವೇ ಗತಿ. ಪ್ರತಿ ವಸಂತದಲ್ಲಿ ರಾಜಧಾನಿಗೇ ವಾರಗಟ್ಟಲೆ ಲಾರಿ ಬರುತ್ತಿರಲಿಲ್ಲ. ಆಮೇಲೆ ದೆಹ್ ಚೋ ಸೇತುವೆ ಬಂತು, ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ, 20 ಕೋಟಿ ಡಾಲರ್ ಚಿಲ್ಲರೆ ಖರ್ಚು. ಆಗಲೂ ಜನ ಗೊಣಗಿದ್ದರು, ಇಷ್ಟು ಜನಕ್ಕೆ ಇಷ್ಟಾ ಅಂತ. 2023ರ ಆಗಸ್ಟ್ 16ಕ್ಕೆ ಕಾಡ್ಗಿಚ್ಚು ಹತ್ತಿರ ಬಂದು ಯೆಲ್ಲೋನೈಫ್ ಖಾಲಿ ಮಾಡಿ ಅಂದಾಗ ಸುಮಾರು 20,000 ಜನಕ್ಕೆ ಇದ್ದದ್ದು ಒಂದೇ ರಸ್ತೆ. ಹೊಗೆಯ ಒಳಗೆ ಸಾಲುಗಟ್ಟಿ ಆ ಸೇತುವೆ ದಾಟಿ ಹೋದರು. ಫೆರ್ರಿಗೆ ಕ್ಯೂ ನಿಲ್ಲಬೇಕಿದ್ದರೆ ಏನಾಗುತ್ತಿತ್ತು ಅಂತ ನಾನು ಯೋಚನೆ ಮಾಡೋಕೆ ಹೋಗಲ್ಲ.

ಕಟ್ಟುವುದಕ್ಕಾದರೂ ಅಪರೂಪಕ್ಕೆ ದುಡ್ಡು ಬರುತ್ತದೆ, ರಿಬ್ಬನ್ ಕತ್ತರಿಸಬಹುದಲ್ಲ. ನೋಡಿಕೊಳ್ಳುವುದಕ್ಕೆ ಬರುವುದೇ ಕಷ್ಟ. ಇನುವಿಕ್‌ನಿಂದ ಟಕ್ಟೊಯಾಕ್ಟಕ್ ತನಕ, ಆರ್ಕ್ಟಿಕ್ ಸಮುದ್ರದ ದಡಕ್ಕೆ, 2017ರ ನವೆಂಬರ್‌ನಲ್ಲಿ ರಸ್ತೆ ತೆರೆದರು. ಸುಮಾರು 138 ಕಿಲೋಮೀಟರ್, 30 ಕೋಟಿ ಡಾಲರ್ ಹತ್ತಿರ. ಅಲ್ಲಿ ನೆಲದ ಒಳಗೆ ವರ್ಷವಿಡೀ ಕರಗದ ಗಡ್ಡೆ ಇದೆ, ಪರ್ಮಾಫ್ರಾಸ್ಟ್ ಅಂತಾರೆ. ಆ ನೆಲವನ್ನು ಅಗೆಯುವ ಹಾಗಿಲ್ಲ, ಅಗೆದರೆ ಕರಗುತ್ತದೆ. ಹಾಗಾಗಿ ಚಳಿಗಾಲದಲ್ಲೇ ಕೆಲಸ ಮಾಡಿ, ಗಟ್ಟಿ ಬಟ್ಟೆಯಂಥದ್ದು ಹಾಸಿ, ಅದರ ಮೇಲೆ ಜಲ್ಲಿ ಸುರಿದು ಏರಿ ಕಟ್ಟಿದರು. ಒಳ್ಳೆ ಕೆಲಸ. ಆದರೆ ಬಿಸಿಲು ಜಾಸ್ತಿಯಾದ ವರ್ಷ ಏರಿಯ ಅಂಚು ಕುಸಿಯುತ್ತದೆ, ಮೋರಿ ಪೈಪು ಸೊಟ್ಟಗಾಗುತ್ತದೆ, ಮತ್ತೆ ಜಲ್ಲಿ, ಮತ್ತೆ ರಸ್ತೆ ಸಮ ಮಾಡುವ ಗ್ರೇಡರ್. ಪ್ರತಿ ವರ್ಷ. ಯೆಲ್ಲೋನೈಫ್ ರಸ್ತೆಯಲ್ಲೂ ಅಷ್ಟೇ, ಕೆಲವು ಕಡೆ ಕಾರು ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಹೋಗುತ್ತದೆ, ಹಿಂದಿನ ಸೀಟಿನಲ್ಲಿ ಕೂತವರಿಗೆ ವಾಂತಿ.

ನಮ್ಮ ಊರಲ್ಲಿ ಗ್ರೇಡರ್ ಓಡಿಸುವ ಒಬ್ಬರು ಹಿರಿಯರು ಇದ್ದಾರೆ, ದೆನೆಯವರು. ಮೈನಸ್ 40ರಲ್ಲಿ ಬೆಳಗಿನ ಜಾವ ಎದ್ದು ಇಂಜಿನ್ ಬೆಚ್ಚಗಿಡೋಕೆ ಪ್ಲಗ್ ಹಾಕಿದ ವೈರು ಕಳಚಿ ಹೊರಡುತ್ತಾರೆ. ಒಮ್ಮೆ ಕೇಳಿದೆ, ಯಾವ ಯಂತ್ರ ಬೇಕು ನಿಮಗೆ ಅಂತ. ಯಂತ್ರ ಇದೆ, ಕಲಿಯೋಕೆ ಒಬ್ಬ ಹುಡುಗ ಬೇಕು, ಅವನಿಗೆ ವರ್ಷಪೂರ್ತಿ ಸಂಬಳ ಬೇಕು ಅಂದರು. ಇಂಥ ಖರ್ಚಿಗೆ ಯಾವ ಮಂತ್ರಿ ಬಂದು ಫೋಟೊ ಹೊಡೆಸಿಕೊಳ್ಳುತ್ತಾರೆ ಹೇಳಿ.

ಈಗ ಎಡ್ಮಂಟನ್‌ನಲ್ಲಿ ಮನೆ ಕೊಡುವ ಮಾತು. ಇದಕ್ಕೆ ನಮ್ಮ ಕಡೆ ಒಂದು ಪದ ಇದೆ, ಎತ್ತಂಗಡಿ. ನಮ್ಮ ಅಜ್ಜನ ಮನೆ, ತೋಟ, ದೇವರ ಬನ ಎಲ್ಲ ಲಿಂಗನಮಕ್ಕಿ ನೀರಿನ ಕೆಳಗಿದೆ. ನಾವು ಮುಳುಗಡೆಯವರು. ಎತ್ತಂಗಡಿಯಾದವರಿಗೆ ಲಾರಿಯಲ್ಲಿ ಸಾಮಾನು ಸಾಗಿಸಿ ಕೊಟ್ಟ ಜಾಗದಲ್ಲಿ ಹಕ್ಕುಪತ್ರ ಇನ್ನೂ ಸಿಗದೆ ಮೂರನೇ ತಲೆಮಾರು ಅಲೆಯುತ್ತಿದೆ. ಅಗ್ಗ ಅಂತ ಮಾಡಿದ ಲೆಕ್ಕ ಅದು. ಇನ್ನು ಇಲ್ಲಿಯವರನ್ನು ನೋಡಿ. ಇವರು ಊರು ಕಟ್ಟಿ ಕೂತವರೇ ಅಲ್ಲ, ಹೊಳೆ ಕಾಡು ತಿರುಗಿ ಬದುಕಿದವರು. ಮಕ್ಕಳನ್ನು ವಸತಿ ಶಾಲೆಗೆ ಎಳೆದುಕೊಂಡು ಹೋಗಿ, ಆಸ್ಪತ್ರೆ, ಸ್ಕೂಲು ಅಂತ ಊರಲ್ಲಿ ಕೂರಿಸಿದ್ದು ಸರ್ಕಾರವೇ. ಕೂತ ಮೇಲೆ ಈಗ ನಿಮಗೆ ಎಣ್ಣೆ ಕೊಡೋದು ದುಬಾರಿ, ಏಳಿ ಅನ್ನೋದಾ?

ಒಂದು ಮಾತು ಮುಚ್ಚಿಡದೆ ಹೇಳಬೇಕು. ರಸ್ತೆ ಬಂದರೆ ಎಲ್ಲ ಸರಿಹೋಗುತ್ತೆ ಅಂತ ಇಲ್ಲಿ ಎಲ್ಲರೂ ಕುಣಿಯುತ್ತಿಲ್ಲ. ರಸ್ತೆಯಲ್ಲಿ ಅಕ್ಕಿ ಬರುವ ಹಾಗೇ ಹೆಂಡ, ಡ್ರಗ್ಸು ಕೂಡ ಬರುತ್ತದೆ. ಕ್ಯಾರಿಬೂ ಅನ್ನೋ ಇಲ್ಲಿಯ ಜಿಂಕೆಯ ಬೇಟೆಗೆ ದೂರದವರು ಬರುತ್ತಾರೆ. ಇದನ್ನು ಹೇಳುವ ಹಿರಿಯರು ಟುಲಿಟಾದಲ್ಲೂ ಇದ್ದಾರೆ, ರಿಗ್ಲಿಯಲ್ಲೂ ಇದ್ದಾರೆ, ಅದೇ ಮನೆಯ ಮಕ್ಕಳು ರಸ್ತೆ ಬೇಕೇ ಬೇಕು ಅನ್ನುತ್ತಾರೆ. ಆ ತೀರ್ಮಾನ ಅವರದ್ದು. ನಾನು ಹೊರಗಿನಿಂದ ಬಂದವನು, ನೀವು ಇನ್ನೂ ಹೊರಗಿನವರು. ನಾವು ಮಾಡಬಹುದಾದದ್ದು, ಅವರು ಬೇಕು ಅಂದದ್ದನ್ನು ತಲೆ ಎಣಿಸಿ ಬೇಡ ಅನ್ನದೆ ಇರುವುದು.

ಕೇಳಿಕೊಳ್ಳುವುದು ಇಷ್ಟೇ. ಓಟಿನ ಸಮಯದಲ್ಲಿ ನಿಮ್ಮ ಬಾಗಿಲಿಗೆ ಬಂದವರನ್ನು ಮೆಕೆಂಜಿ ಕಣಿವೆಯ ರಸ್ತೆ ಎಲ್ಲಿಗೆ ಬಂತು ಅಂತ ಒಂದು ಸಲ ಕೇಳಿ. ಅವರು ತಬ್ಬಿಬ್ಬಾಗುತ್ತಾರೆ, ಆಗಲಿ. ಹೇ ರಿವರ್‌ನಲ್ಲಿ ಹೂಳೆತ್ತಲು ಪ್ರತಿ ವರ್ಷ ದುಡ್ಡು ಇಡುತ್ತೀರಾ ಅಂತ ಕೇಳಿ. ಒಂದು ವರ್ಷ ಬಾರ್ಜ್ ಬರದಿದ್ದರೂ ಊರು ತಡೆದುಕೊಳ್ಳುವ ಹಾಗೆ ಇನ್ನೊಂದು ಟ್ಯಾಂಕು ಕಟ್ಟಿಸಲು ಎಷ್ಟು ಬೇಕು, ಒಂದು ಚಳಿಗಾಲ ವಿಮಾನದಲ್ಲಿ ಎಣ್ಣೆ ತರಲು ಎಷ್ಟಾಯಿತು, ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿ ಅನ್ನಿ. ಉತ್ತರದ ಗಡಿ, ಸಾರ್ವಭೌಮತ್ವ ಅಂತ ಈಗ ಒಟ್ಟಾವಾದಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ. ಗಡಿ ಕಾಯುತ್ತಾ ಅಲ್ಲಿ ಮೊದಲಿಂದ ಕೂತಿರುವ ಜನಕ್ಕೆ ಒಲೆ ಉರಿಯುತ್ತಾ ಅಂತ ಯಾರೂ ಕೇಳುವುದಿಲ್ಲ, ಅದನ್ನು ನೀವು ಕೇಳಿ.

ಆ ಹಿರಿಯರು ಇದನ್ನು ಓದುತ್ತಿದ್ದರೆ, ಸಾರ್, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಒಂದು ಸಲ ಬನ್ನಿ. ಮೇ ಮತ್ತು ನವೆಂಬರ್ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಜುಲೈಯಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕು ಇರುತ್ತದೆ. ಲಾಫರ್ಟಿಗೆ ಟಿಕೆಟ್ ಇಲ್ಲ, ದಡದಲ್ಲಿ ಕಾರು ನಿಲ್ಲಿಸಿ ಇಂಜಿನ್ ಆಫ್ ಮಾಡಿ ಕೂತಿರಿ, ಅವರೇ ಬಂದು ಹತ್ತಿಸಿಕೊಳ್ಳುತ್ತಾರೆ. ಬರುವಾಗ ಸಾಧ್ಯವಾದರೆ ಒಂದು ಪ್ಯಾಕೆಟ್ ಸಾರಿನ ಪುಡಿ ತನ್ನಿ. ನಾನು ತರಿಸಿದ್ದು ಮೂರು ವಾರದಿಂದ ಹೊಳೆಯ ಆಚೆ ದಡದಲ್ಲಿ ಕೂತಿದೆ.